ದೊಡ್ಡವರ ಎಡಿಎಚ್‌ಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಚಿಕ್ಕಂದಿನಿಂದಲೇ ಇರುವ ಮಿದುಳಿನ ಸ್ಥಿತಿ) ಇರುವವರು, ಅವರ ಗಂಡ-ಹೆಂಡತಿ, ಅಪ್ಪ-ಅಮ್ಮ ಮಾತಿನ ಮಧ್ಯೆ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಆದಷ್ಟೂ ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ನಾನು ಡಾಕ್ಟರಲ್ಲ. ಎಡಿಎಚ್‌ಡಿ ಜೊತೆಗೇ ಮನೆ, ಕೆಲಸ ಎರಡನ್ನೂ ನಡೆಸುತ್ತಿರುವವರಲ್ಲಿ ಒಬ್ಬ. ಔಷಧಿಯ ವಿಷಯದಲ್ಲಿ ಕೊನೇ ಮಾತು ನಿಮ್ಮನ್ನು ಎದುರು ಕೂರಿಸಿಕೊಂಡು ನೋಡಿದ ಡಾಕ್ಟರದ್ದೇ.

## ಶುರುವಿನ ಪ್ರಶ್ನೆಗಳು

ಎಡಿಎಚ್‌ಡಿ ಅಂದ್ರೆ ಚೇಷ್ಟೆ ಮಕ್ಕಳಿಗೆ ಬರೋದಲ್ವಾ? ದೊಡ್ಡವರಿಗೆ ಹೇಗೆ ಇರುತ್ತೆ?

ಚಿಕ್ಕಂದಿನಲ್ಲೇ ಶುರುವಾಗುತ್ತದೆ, ನಿಜ. ಆದರೆ ಎಷ್ಟೋ ಜನರಲ್ಲಿ ಬೆಳೆದ ಮೇಲೂ ಉಳಿಯುತ್ತದೆ, ರೂಪ ಮಾತ್ರ ಬದಲಾಗುತ್ತದೆ. ಬೆಂಚು ಹತ್ತಿ ಕುಣಿಯುತ್ತಿದ್ದ ಹುಡುಗ ಮೂವತ್ತೈದಕ್ಕೆ ಮೀಟಿಂಗಿನಲ್ಲಿ ತೆಪ್ಪಗೆ ಕೂತಿರುತ್ತಾನೆ. ಮೇಜಿನ ಕೆಳಗೆ ಕಾಲು ಮಾತ್ರ ಅಲ್ಲಾಡುತ್ತಲೇ ಇರುತ್ತದೆ, ತಲೆಯಲ್ಲಿ ನಾಲ್ಕೈದು ಯೋಚನೆ ಒಟ್ಟಿಗೆ ಓಡುತ್ತಿರುತ್ತವೆ. ಕೆಲಸ ಶುರು ಮಾಡುವುದು, ಮಧ್ಯೆ ಬಿಡದೆ ಮುಗಿಸುವುದು, ಹೊತ್ತಿನ ಅಂದಾಜು, ಬಾಯಿಗೆ ಬಂದ ಮಾತನ್ನು ತಡೆಯುವುದು: ಕಷ್ಟ ಆಗುವುದು ಇಲ್ಲೆಲ್ಲ. ಜಗತ್ತಿನ ಹಲವು ಕಡೆಯ ಲೆಕ್ಕಗಳನ್ನು ಸೇರಿಸಿ ನೋಡಿದರೆ ವಯಸ್ಕರಲ್ಲಿ ನೂರಕ್ಕೆ ಸುಮಾರು 2.5 ಜನರಿಗೆ ಇದು ಇದೆ. ಮಲಯಾಳಂ ನಟ ಫಹಾದ್ ಫಾಸಿಲ್ ತಮಗೆ ಎಡಿಎಚ್‌ಡಿ ಇರುವುದು 41ನೇ ವಯಸ್ಸಿನಲ್ಲಿ ಗೊತ್ತಾಯಿತು ಎಂದು 2024ರಲ್ಲಿ ಎಲ್ಲರೆದುರು ಹೇಳಿದರು. ಆಮೇಲೆ ನಮ್ಮಲ್ಲೂ ಕೇಳುವವರು ಜಾಸ್ತಿಯಾದರು.

ನನಗೀಗ 38. ಮಗು ಆದಮೇಲೆ ತಲೆನೇ ಓಡ್ತಿಲ್ಲ. ಈ ವಯಸ್ಸಿಗೆ ಎಡಿಎಚ್‌ಡಿ ಶುರುವಾಗುತ್ತಾ?

ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾಗುವುದಿಲ್ಲ. ಅಲ್ಲಿವರೆಗೆ ಮುಚ್ಚಿಹೋಗಿದ್ದದ್ದು ಹೊರಗೆ ಬರಬಹುದು. ಡಾಕ್ಟರುಗಳು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ 12 ವರ್ಷ ಆಗುವ ಮೊದಲೇ ಹಲವು ಲಕ್ಷಣಗಳು ಇದ್ದಿರಬೇಕು. ಅಮ್ಮ ಬೆಳಿಗ್ಗೆ ಎಬ್ಬಿಸಿ, ಟಿಫಿನ್ ಡಬ್ಬಿ ಕೈಗಿಟ್ಟು, ಫೀಸು ಕಟ್ಟುವ ದಿನ ನೆನಪಿಸುತ್ತಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಾಸ್ಟೆಲ್, ಮದುವೆ, ಮೊದಲ ಮಗು, ಆಫೀಸಿನಲ್ಲಿ ಬಡ್ತಿ ಬಂದಾಗ ಆ ಆಸರೆ ಹೋಗುತ್ತದೆ, ನೆನಪಿಡಬೇಕಾದ್ದು ದುಪ್ಪಟ್ಟಾಗುತ್ತದೆ. ಆಗ ಎಲ್ಲ ಒಟ್ಟಿಗೆ ಕುಸಿದ ಹಾಗೆ ಕಾಣುತ್ತದೆ.

ಚಿಕ್ಕಂದಿನಲ್ಲಿ ಏನೂ ಇರಲಿಲ್ಲ, ಈಗ ಹೊಸದಾಗಿ ಬಂದಿದೆ ಅನ್ನುವುದಾದರೆ ಮೊದಲು ಬೇರೆ ಕಾರಣ ನೋಡಿಸಿ. ಥೈರಾಯ್ಡ್, ರಕ್ತಹೀನತೆ, ನಿದ್ದೆ ಕೆಟ್ಟಿರುವುದು, ಬಾಣಂತನದ ನಂತರದ ಖಿನ್ನತೆ, ಎಲ್ಲವೂ ಹೀಗೇ ತಲೆ ಮಂಕು ಮಾಡುತ್ತವೆ.

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಡಿಸ್ಟಿಂಕ್ಷನ್ ಬಂದಿತ್ತು. "ನಿನಗೆಲ್ಲಿಯ ಎಡಿಎಚ್‌ಡಿ" ಅಂತಾರೆ ಮನೆಯಲ್ಲಿ.

ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಚುರುಕು ತಲೆಯಿದ್ದವರು ಪರೀಕ್ಷೆಯ ಹಿಂದಿನ ರಾತ್ರಿ ಕೂತು ಓದಿ ದಾಟಿಬಿಡುತ್ತಾರೆ. ಆ ರಾತ್ರಿಗಳ ಹೆದರಿಕೆ, ಅಳು ಮಾರ್ಕ್ಸ್ ಕಾರ್ಡಿನಲ್ಲಿ ಬರುವುದಿಲ್ಲ ಅಷ್ಟೇ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಜಾಸ್ತಿ. ಅವರು ಓಡಾಡಿ ಗಲಾಟೆ ಮಾಡುವುದು ಕಡಿಮೆ. ಕಿಟಕಿ ನೋಡುತ್ತಾ ಕೂತ ಹುಡುಗಿಯಿಂದ ಟೀಚರಿಗೆ ತೊಂದರೆಯಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಅಂಥವರಿಗೆ ಎಷ್ಟೋ ಸಲ ಮಗಳಿಗೋ ಮಗನಿಗೋ ಪರೀಕ್ಷೆ ಮಾಡಿಸುವಾಗಲೇ ತಮ್ಮದೂ ಗೊತ್ತಾಗುವುದು.

ಇದೆಲ್ಲ ಮೊಬೈಲ್ ಜಾಸ್ತಿ ನೋಡಿದ್ದಕ್ಕೆ ಬಂದಿರೋದು ಅಂತಾರಲ್ಲ?

ಮೊಬೈಲ್ ಬರುವುದಕ್ಕೆ ಬಹಳ ಮೊದಲೇ ಇದು ಇತ್ತು. 1798ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಗಮನ ನಿಲ್ಲದವರ ಬಗ್ಗೆ ಬರೆದಿದ್ದಾರೆ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಮೇಲೆ ಸಾಲು ಉಪನ್ಯಾಸ ಕೊಟ್ಟರು. ಇರುವುದನ್ನು ಮೊಬೈಲ್ ಹದಗೆಡಿಸುತ್ತದೆ, ಅದು ಬೇರೆ ಮಾತು. ಮಲಗುವ ಕೋಣೆಯಿಂದ ಅದನ್ನು ಹೊರಗಿಡಿ.

ನಮ್ಮ ಯಜಮಾನರು ಕ್ರಿಕೆಟ್ ಮ್ಯಾಚ್ ಅಲ್ಲಾಡದೆ ಕೂತು ನೋಡ್ತಾರೆ. ಕರೆಂಟ್ ಬಿಲ್ ಕಟ್ಟೋಕೆ ಮಾತ್ರ ಐದು ನಿಮಿಷ ಸಿಗಲ್ಲ. ಇದು ನಾಟಕ ಅಲ್ವಾ?

ನಾಟಕ ಅಲ್ಲಮ್ಮ. ಎಡಿಎಚ್‌ಡಿಯಲ್ಲಿ ಗಮನ ಇಲ್ಲ ಎಂದಲ್ಲ, ಅದು ಹೇಳಿದ ಕಡೆ ಹೋಗುವುದಿಲ್ಲ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕೆಲಸ ಮಾಡುವ ರೀತಿಯಲ್ಲಿ ವ್ಯತ್ಯಾಸವಿದೆ. ಕುತೂಹಲ, ಹೊಸತು, ತುರ್ತು ಇದ್ದ ಕಡೆ ಗಮನ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸಿಕೊಳ್ಳುವುದೂ ಕಷ್ಟ. ಸಪ್ಪೆ ಕೆಲಸಕ್ಕೆ, ಅದು ಎಷ್ಟೇ ಮುಖ್ಯವಾದರೂ, ಶುರು ಮಾಡುವ ತಳ್ಳು ಒಳಗಿನಿಂದ ಬರುವುದಿಲ್ಲ. ನಿಮಗಾಗುವ ಬೇಸರ ನ್ಯಾಯವಾದದ್ದೇ. ಬಿಲ್ ಅನ್ನು ಅವರ ನೆನಪಿಗೆ ಬಿಡುವ ಬದಲು ಬ್ಯಾಂಕಿನ ಆಟೋ-ಪೇಗೆ ಹಾಕಿಸಿ. ಜಗಳದ ವಿಷಯ ಒಂದಾದರೂ ಕಡಿಮೆಯಾಗುತ್ತದೆ.

## ಪರೀಕ್ಷೆ ಮತ್ತು ಮಾತ್ರೆ

ಯಾವ ಡಾಕ್ಟರ ಹತ್ರ ಹೋಗಬೇಕು? ಸ್ಕ್ಯಾನ್ ಮಾಡಿಸಿದ್ರೆ ಗೊತ್ತಾಗುತ್ತಾ? ನಾನು ಹಾವೇರಿ ಕಡೆಯವನು.

ಮನೋವೈದ್ಯರ ಹತ್ತಿರ. ಇದನ್ನು ಖಚಿತವಾಗಿ ತೋರಿಸುವ ರಕ್ತಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ಡಾಕ್ಟರು ಕೂತು ವಿವರವಾಗಿ ಕೇಳುತ್ತಾರೆ: ಬಾಲ್ಯ, ಶಾಲೆ, ಕೆಲಸ, ನಿದ್ದೆ, ಕುಡಿತ, ಹಣ. ವಯಸ್ಕರಲ್ಲಿ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು, ಇಲ್ಲವೇ ಚಡಪಡಿಕೆ, ದುಡುಕಿನ ಒಂಬತ್ತರಲ್ಲಿ ಐದು. ಅದೂ ಮನೆ, ಕೆಲಸದಂಥ ಎರಡು ಕಡೆಯಾದರೂ ಕಾಣಬೇಕು. ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಎಎಸ್‌ಆರ್‌ಎಸ್ ಪಟ್ಟಿ ಮನೆಯಲ್ಲೇ ತುಂಬಿ ನೋಡಬಹುದು. ಡಾಕ್ಟರ ಹತ್ತಿರ ಹೋಗಬೇಕೋ ಬೇಡವೋ ಎಂದು ತಿಳಿಯುವುದಕ್ಕೆ ಅದು ಸಾಕು, ರೋಗ ತೀರ್ಮಾನಕ್ಕೆ ಸಾಲದು.

ಹೋಗುವಾಗ ಹಳೇ ಪ್ರೋಗ್ರೆಸ್ ಕಾರ್ಡ್ ಸಿಕ್ಕರೆ ತೆಗೆದುಕೊಂಡು ಹೋಗಿ. "ಬುದ್ಧಿ ಇದೆ, ಗಮನ ಸಾಲದು" ಅಂತ ಟೀಚರು ಬರೆದ ಒಂದು ಸಾಲು ಬಹಳ ಕೆಲಸಕ್ಕೆ ಬರುತ್ತದೆ. ನಿಮ್ಮನ್ನು ಚಿಕ್ಕಂದಿನಿಂದ ನೋಡಿದ ಅಮ್ಮನೋ ಅಕ್ಕನೋ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಹಾವೇರಿಯಿಂದಾದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಎಲ್ಲಿಂದ ಶುರು ಮಾಡುವುದು ಎಂದೇ ತೋಚದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆ ತಗೊಂಡ್ರೆ ಅಡಿಕ್ಷನ್ ಆಗಿಬಿಡುತ್ತೆ ಅಂತಾರೆ. ನಿಜಾನಾ?

ಭಾರತದಲ್ಲಿ ಮುಖ್ಯವಾಗಿ ಕೊಡುವುದು ಎರಡು. ಒಂದು ಮೀಥೈಲ್‌ಫೆನಿಡೇಟ್. ಸಾಮಾನ್ಯ ಮಾತ್ರೆಯಾದರೆ ಮೂರು-ನಾಲ್ಕು ಗಂಟೆ, ನಿಧಾನವಾಗಿ ಬಿಡುವಂಥದ್ದಾದರೆ 8ರಿಂದ 12 ಗಂಟೆ ಕೆಲಸ ಮಾಡುತ್ತದೆ. ಇನ್ನೊಂದು ಅಟಾಮಾಕ್ಸೆಟಿನ್. ಅದು ದಿನಾ ತೆಗೆದುಕೊಂಡರೂ ಪೂರ್ತಿ ಗುಣ ತೋರಿಸಲು ವಾರಗಳೇ ಬೇಕು. ಮೀಥೈಲ್‌ಫೆನಿಡೇಟ್ ಅನ್ನು ಪುಡಿ ಮಾಡಿ, ಅಳತೆ ಮೀರಿ ಬಳಸಿದರೆ ಚಟವಾಗುವ ಅಪಾಯ ಇದೆ. ಡಾಕ್ಟರು ಹೇಳಿದ ಅಳತೆಯಲ್ಲಿ, ಬಾಯಿಂದ ತೆಗೆದುಕೊಂಡರೆ ಆ ಅಪಾಯ ತೀರಾ ಕಡಿಮೆ. ಚಟ ಇರುವವರು ಮಾತ್ರೆ ಯಾವಾಗ ಸಿಗುತ್ತೆ ಎಂದು ಕಾಯುತ್ತಾರೆ. ನಮ್ಮವರಲ್ಲಿ ಹೆಚ್ಚಿನವರ ಕಷ್ಟವೇ ಮಾತ್ರೆ ತೆಗೆದುಕೊಳ್ಳಲು ಮರೆಯುವುದು.

ಹಸಿವು ಸಾಯುವುದು, ನಿದ್ದೆ ತಡವಾಗುವುದು, ಬಾಯಿ ಒಣಗುವುದು, ಎದೆಬಡಿತ ಮತ್ತು ಬಿಪಿ ಸ್ವಲ್ಪ ಏರುವುದು ಉಂಟು. ಬೆಳಿಗ್ಗೆ ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ತಿನ್ನಿ, ಮಧ್ಯಾಹ್ನದ ಊಟವನ್ನು ಹಸಿವಿಗೆ ಬಿಡದೆ ಗಡಿಯಾರ ನೋಡಿ ಮಾಡಿ. ಹೃದಯದ ತೊಂದರೆ, ಕಣ್ಣಿನ ಗ್ಲಾಕೋಮ, ಹಿಂದೆ ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ) ಆಗಿದ್ದದ್ದು ಇದ್ದರೆ ಮೊದಲೇ ಹೇಳಲೇಬೇಕು.

ಔಷಧಿ ಅಂಗಡಿಯವರು ಚೀಟಿ ನೋಡಿ ಮುಖ ಗಂಟಿಕ್ಕುತ್ತಾರೆ. ಆನ್‌ಲೈನ್ ಡಾಕ್ಟರ ಹತ್ರ ಬರೆಸಿಕೊಂಡ್ರೆ ಆಗಲ್ವಾ?

ಆಗುವುದಿಲ್ಲ. ಮೀಥೈಲ್‌ಫೆನಿಡೇಟ್ ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್ ಎಂಬ ಬಿಗಿ ನಿಯಂತ್ರಣದ ಪಟ್ಟಿಯಲ್ಲಿದೆ. ಮಾರಲು ಅಂಗಡಿಗೆ ಬೇರೆ ಲೈಸೆನ್ಸ್ ಬೇಕು, ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಹಾಗಾಗಿಯೇ ಬೀದಿ ಬದಿಯ ಎಲ್ಲ ಮೆಡಿಕಲ್‌ಗಳಲ್ಲಿ ಇದು ಇರುವುದಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಈ ಪಟ್ಟಿಯ ಔಷಧಿಗಳನ್ನು ಫೋನ್, ವಿಡಿಯೋ ಮೂಲಕ ಬರೆಯುವುದನ್ನು ನಿಷೇಧಿಸಿದೆ. ಅಂಗಡಿಯವರ ಮುಖ ನೋಡಿ ಕುಗ್ಗಬೇಡಿ, ಅವರಿಗೆ ಲೆಕ್ಕ ಒಪ್ಪಿಸುವ ತಲೆನೋವು. ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಡಾಕ್ಟರನ್ನೇ ಕೇಳಿ, ಅದೇ ಅಂಗಡಿಗೆ ಹೋಗುತ್ತಿರಿ. ಮಾತ್ರೆ ಮುಗಿಯುವ ದಿನದ ಹಿಂದಿನ ವಾರವೇ ಮುಂದಿನ ಭೇಟಿ ಗೊತ್ತು ಮಾಡಿಕೊಳ್ಳಿ.

ಮಾತ್ರೆ ಬೇಡ. ಯೋಗ, ಧ್ಯಾನ, ಬ್ರಾಹ್ಮಿ ಸಾಕಾಗಲ್ವಾ?

ಮಾತ್ರೆ ಇಲ್ಲದೆ ಚೆನ್ನಾಗಿ ಬಾಳುವವರೂ ಇದ್ದಾರೆ, ಅದು ನಿಮ್ಮ ಆಯ್ಕೆ. ಬೆವರು ಬರುವ ಹಾಗೆ ನಡೆದರೆ, ಆಟ ಆಡಿದರೆ ಆ ಹೊತ್ತಿಗೆ ಗಮನ ಸುಧಾರಿಸುತ್ತದೆ. ಧ್ಯಾನದಿಂದಲೂ ಕೆಲವರಿಗೆ ಅನುಕೂಲ. ಎಡಿಎಚ್‌ಡಿಗೆಂದೇ ಹೊಂದಿಸಿದ ಸಿಬಿಟಿ ಎಂಬ ಆಪ್ತಸಮಾಲೋಚನೆಗೆ ಒಳ್ಳೆಯ ಪುರಾವೆ ಇದೆ. ಬ್ರಾಹ್ಮಿಗೆ ಆ ಮಟ್ಟದ ಪುರಾವೆ ಇಲ್ಲ. ನನ್ನ ಅನಿಸಿಕೆ ಇಷ್ಟು: ಮೂರು ಕೆಲಸ ಕಳೆದುಕೊಂಡು, ಸಂಸಾರ ಬಿರುಕು ಬಿಟ್ಟು ಕೂತವರಿಗೆ "ದಿನಾ ಧ್ಯಾನ ಮಾಡಿ" ಎನ್ನುವುದು ಕ್ರೂರ. ದಿನಾ ಒಂದು ಕೆಲಸ ತಪ್ಪದೆ ಮಾಡುವುದೇ ಅವರಿಗೆ ಆಗದಿರುವುದು.

## ಮನೆ, ಹೊತ್ತು, ದುಡ್ಡು

ಹಾಲು ಉಕ್ಕಿಸದ ದಿನವೇ ಇಲ್ಲ. ನಮ್ಮತ್ತೆ "ಒಲೆ ಮುಂದೆ ನಿಂತ್ಕೊಳ್ಳೋಕೂ ಬರಲ್ವಾ" ಅಂತಾರೆ. ಏನು ಮಾಡ್ಲಿ?

ನಿಂತೇ ಇರುತ್ತೀರಿ, ನನಗೆ ಗೊತ್ತು. ಹಾಲು ಕಾಯುವ ಮೊದಲು ಎರಡು ನಿಮಿಷ ಇದೆ ಅನ್ನಿಸುತ್ತದೆ, ಬಟ್ಟೆ ಒಣಗಿಹಾಕಿ ಬರೋಣ ಎಂದು ಹೊರಡುತ್ತೀರಿ, ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ನೀರಿಲ್ಲದ್ದು ಕಾಣುತ್ತದೆ, ಅಲ್ಲಿಗೆ ಹಾಲು ಮುಗಿಯಿತು. ಇನ್ನೂ ಜಾಸ್ತಿ ಎಚ್ಚರವಾಗಿರುತ್ತೇನೆ ಎಂಬ ಪಣ ಇಲ್ಲಿ ನಿಲ್ಲುವುದಿಲ್ಲ. ಒಲೆಯ ಮೇಲಿನ ಪಾತ್ರೆಯನ್ನೇ ಬದಲಾಯಿಸಿ.

ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಹಾಲಿನ ಕುಕ್ಕರ್ ಸಿಗುತ್ತದೆ. ಎರಡು ಪದರದ ಪಾತ್ರೆ, ಮಧ್ಯದಲ್ಲಿ ನೀರು ಹಾಕುವುದು, ಹಾಲು ಕಾದಾಗ ಶಿಳ್ಳೆ ಹೊಡೆಯುತ್ತದೆ, ಉಕ್ಕುವುದಿಲ್ಲ. ಅನ್ನಕ್ಕೆ ತಾನೇ ಆರುವ ಎಲೆಕ್ಟ್ರಿಕ್ ಕುಕ್ಕರ್. ಉಳಿದದ್ದಕ್ಕೆ ಟೈಮರ್ ಇರುವ ಇಂಡಕ್ಷನ್ ಒಲೆ. ಗ್ಯಾಸ್ ಮೇಲೇ ಮಾಡಬೇಕಾದ್ದಕ್ಕೆ ಸೌಟನ್ನು ಕೈಯಲ್ಲೇ ಹಿಡಿದುಕೊಂಡಿರಿ. ಅಡುಗೆಮನೆ ಬಿಟ್ಟು ಹೊರಟರೆ ಕೈಯಲ್ಲಿರುವ ಸೌಟೇ ವಾಪಸ್ ಕರೆಯುತ್ತದೆ.

ಎಷ್ಟು ಡೈರಿ, ಎಷ್ಟು ಆಪ್ ತಗೊಂಡ್ರೂ ಒಂದು ವಾರ ಅಷ್ಟೇ. ಆಮೇಲೆ ಮರೆತೇ ಹೋಗುತ್ತೆ.

ಮುಚ್ಚಿದ ಡೈರಿ ನಮ್ಮ ಪಾಲಿಗೆ ಇಲ್ಲದ ಡೈರಿ. ಕಣ್ಣಿಗೆ ಬೀಳುವುದು ಮಾತ್ರ ನೆನಪಿರುತ್ತದೆ. ನಮ್ಮ ಮನೆಗಳ ಗೋಡೆ ಕ್ಯಾಲೆಂಡರನ್ನೇ ನೋಡಿ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಹಾಕಿದ ದಿನ, ಊರಿಗೆ ಹೋಗುವ ಬಸ್ಸು, ಎಲ್ಲ ಅದೇ ಚೌಕಗಳಲ್ಲಿ. ತೆರೆಯಬೇಕಿಲ್ಲ, ಚಾರ್ಜ್ ಮಾಡಬೇಕಿಲ್ಲ. ದೊಡ್ಡ ಚೌಕ ಇರುವ ಒಂದು ಕ್ಯಾಲೆಂಡರ್, ಅದಕ್ಕೆ ದಾರದಲ್ಲಿ ಕಟ್ಟಿದ ಒಂದು ಪೆನ್ನು. ದಾರ ಇಲ್ಲದಿದ್ದರೆ ಪೆನ್ನು ಉಳಿಯುವುದಿಲ್ಲ.

ಇದೇ ಲೆಕ್ಕ ಉಳಿದದ್ದಕ್ಕೂ. ಬೀಗದ ಕೈಗೆ ಬಾಗಿಲ ಪಕ್ಕ ಒಂದೇ ಮೊಳೆ. ನಾಳೆ ಒಯ್ಯಬೇಕಾದ ಫೈಲು ಚಪ್ಪಲಿಯ ಮೇಲೆ. ಬೇಳೆಕಾಳಿಗೆ ಒಳಗಿನದು ಕಾಣುವ ಡಬ್ಬಿ. ಮಾತ್ರೆ ಹಲ್ಲುಜ್ಜುವ ಬ್ರಷ್ ಪಕ್ಕ. ಏರ್ಪಾಡು ಒಂದು ತಿಂಗಳಿಗೆ ಹಳಸಿದರೆ ಬೇಜಾರಾಗಬೇಡಿ, ಕ್ಯಾಲೆಂಡರನ್ನು ಬೇರೆ ಗೋಡೆಗೆ ಸರಿಸಿ. ಹೊಸ ಜಾಗದಲ್ಲಿ ಮತ್ತೆ ಕಣ್ಣಿಗೆ ಬೀಳುತ್ತದೆ.

ಟೈಮಿಗೆ ಸರಿಯಾಗಿ ಎಲ್ಲಿಗೂ ಹೋಗಿಲ್ಲ. "ಹೊರಟೆ, ಐದೇ ನಿಮಿಷ" ಅಂತೀನಿ, ಸುಳ್ಳು ಹೇಳ್ತಿಲ್ಲ, ನಿಜವಾಗ್ಲೂ ಹಾಗೇ ಅನ್ಸುತ್ತೆ.

ನಂಬುತ್ತೇನೆ. ಹೊತ್ತು ಸರಿಯುವುದು ಒಳಗಿನಿಂದ ಗೊತ್ತಾಗದಿರುವುದು ಎಡಿಎಚ್‌ಡಿಯ ದೊಡ್ಡ ಭಾಗ. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಇದನ್ನೇ ಒತ್ತಿ ಹೇಳುತ್ತಾ ಬಂದಿದ್ದಾರೆ. ನಮಗೆ ಇರುವುದು ಎರಡೇ ಹೊತ್ತು: ಈಗ, ಮತ್ತು ಈಗ ಅಲ್ಲ.

ಒಂದು ವಾರ ನಿಮ್ಮ ಬೆಳಗನ್ನು ಫೋನಿನ ಗಡಿಯಾರದಿಂದ ಅಳೆದು ಬರೆದಿಡಿ. ಸ್ನಾನ ಹತ್ತು ನಿಮಿಷ ಅಂದುಕೊಂಡಿದ್ದು ಇಪ್ಪತ್ತೈದು ಇರುತ್ತದೆ. ಹೆಲ್ಮೆಟ್ ಹುಡುಕುವುದು, ಲಿಫ್ಟ್ ಕಾಯುವುದು, ಪೆಟ್ರೋಲ್ ಹಾಕಿಸುವುದು ನಿಮ್ಮ ಲೆಕ್ಕದಲ್ಲಿ ಇರುವುದೇ ಇಲ್ಲ. ಆ ನಿಜವಾದ ಅಂಕಿಗಳನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿ, ಮನೆ ಬಿಡುವ ಹೊತ್ತಿಗೆ ಅಲಾರಂ ಇಡಿ. ಮುಟ್ಟುವ ಹೊತ್ತಿಗೆ ಇಟ್ಟು ಪ್ರಯೋಜನವಿಲ್ಲ. ಬಚ್ಚಲಿನಲ್ಲೂ ಮುಳ್ಳಿನ ಗಡಿಯಾರ ಒಂದಿರಲಿ. ಇದು ಬರೀ ಶಿಸ್ತಿನ ಮಾತಲ್ಲ. ಎಡಿಎಚ್‌ಡಿ ಇರುವವರಿಗೆ ರಸ್ತೆ ಅಪಘಾತ ಜಾಸ್ತಿ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ತಡವಾಗಿ ಹೊರಟು ಸ್ಕೂಟರ್ ಓಡಿಸುವುದು ಬೇಡ.

ಯುಪಿಐ ಬಂದ ಮೇಲೆ ಕೈಯಲ್ಲಿ ದುಡ್ಡೇ ನಿಲ್ತಿಲ್ಲ.

ಸಂಬಳ ಬರುವ ಖಾತೆಗೆ ಯುಪಿಐ ಜೋಡಿಸಬೇಡಿ. ಬಾಡಿಗೆ, ಇಎಂಐ, ಎಲ್‌ಐಸಿ, ಆರ್‌ಡಿ ಎಲ್ಲ ಅಲ್ಲಿಂದಲೇ ತಾನಾಗಿ ಹೋಗಲಿ. ವಾರದ ಖರ್ಚಿಗೆಂದು ಇನ್ನೊಂದು ಖಾತೆಗೆ ಇಂತಿಷ್ಟು ಹಾಕಿ, ಯುಪಿಐ ಅದಕ್ಕೆ ಮಾತ್ರ. ಶಾಪಿಂಗ್ ಆಪ್‌ಗಳಲ್ಲಿ ಕಾರ್ಡ್ ನಂಬರ್ ಉಳಿಸಬೇಡಿ.

ಕೆಲಸ ಏನು ಅಂತ ಗೊತ್ತು, ಮಾಡ್ಬೇಕು ಅಂತ ಆಸೆನೂ ಇದೆ. ಆದ್ರೂ ಕೂತಲ್ಲೇ ಕೂತಿರ್ತೀನಿ. ಇದು ಸೋಮಾರಿತನ ಅಲ್ದೆ ಇನ್ನೇನು?

ಸೋಮಾರಿಗೆ ಕೂತಿರುವುದು ಸುಖ. ನಿಮಗೆ ಆ ಒಂದೊಂದು ನಿಮಿಷವೂ ಸಂಕಟ, ಅಲ್ವಾ? ಶುರು ಮಾಡುವುದನ್ನು ನಾಚಿಕೆಯಾಗುವಷ್ಟು ಚಿಕ್ಕದು ಮಾಡಿ. "ರಿಪೋರ್ಟ್ ಬರೆಯಬೇಕು" ಅಲ್ಲ, "ಫೈಲ್ ತೆರೆದು ತಲೆಬರಹ ಹಾಕಬೇಕು". ಇನ್ನೊಬ್ಬರು ಪಕ್ಕದಲ್ಲಿ ತಮ್ಮ ಪಾಡಿಗೆ ಕೂತಿದ್ದರೂ ಕೆಲಸ ಸಾಗುತ್ತದೆ. ಊರಿನ ಲೈಬ್ರರಿ, ಗೆಳೆಯರ ಜೊತೆ ಮಾತಿಲ್ಲದ ವಿಡಿಯೋ ಕಾಲ್, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತ ಅಮ್ಮ, ಯಾವುದಾದರೂ ಸರಿ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಆಫೀಸಲ್ಲಿ ಹೇಳ್ಬೇಕಾ? ಸರ್ಟಿಫಿಕೇಟ್ ಇದ್ರೆ ಏನಾದ್ರೂ ಸೌಲಭ್ಯ ಸಿಗುತ್ತಾ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ, ಕಲಿಕೆಯ ತೊಂದರೆ ಇವೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಕಾನೂನಿನ ಬೆಂಬಲ ತೆಳು. ರೋಗದ ಹೆಸರು ಹೇಳದೆ ಬೇಕಾದ್ದನ್ನು ಕೇಳುವುದು ಜಾಣತನ: "ಸಾರ್, ಮೀಟಿಂಗಲ್ಲಿ ಹೇಳಿದ್ದನ್ನ ಒಂದು ಮೇಲ್ ಹಾಕಿಬಿಡಿ, ತಪ್ಪಾಗಲ್ಲ." ಇದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಮದುವೆ ಮಾತುಕತೆ ನಡೀತಿದೆ. ಹುಡುಗನ ಮನೆಯವರಿಗೆ ಹೇಳ್ಬೇಕಾ?

ಹುಡುಗನಿಗೆ ಹೇಳಿ, ಮದುವೆಗೆ ಮೊದಲು, ನೀವೇ. ಎರಡೂ ಕಡೆಯ ದೊಡ್ಡಪ್ಪ-ಚಿಕ್ಕಮ್ಮಂದಿರಿಗೆಲ್ಲ ಹೇಳಬೇಕಿಲ್ಲ. ದಿನಾ ಏನಾಗುತ್ತದೆ ಎಂದು ಉದಾಹರಣೆ ಕೊಟ್ಟು ಹೇಳಿ: ಮಾತಿನ ಮಧ್ಯೆ ಬಾಯಿ ಹಾಕುತ್ತೇನೆ, ತಾರೀಕು ಮರೆಯುತ್ತೇನೆ, ಅದಕ್ಕೆ ಹೀಗೆ ಏರ್ಪಾಡು ಮಾಡಿಕೊಂಡಿದ್ದೇನೆ. ಅದನ್ನು ಕೇಳಿ ಅವರು ಏನು ಪ್ರಶ್ನೆ ಕೇಳುತ್ತಾರೆ ಎನ್ನುವುದರಿಂದ ನಿಮಗೂ ಬಹಳ ತಿಳಿಯುತ್ತದೆ.

ಒಂದು ಸಣ್ಣ ಮಾತಿಗೆ ದಿನವಿಡೀ ಕುದೀತೀನಿ, ಇಲ್ಲ ಅಳ್ತೀನಿ. ಇದೂ ಎಡಿಎಚ್‌ಡಿನಾ?

ಲಕ್ಷಣಗಳ ಅಧಿಕೃತ ಪಟ್ಟಿಯಲ್ಲಿಲ್ಲ. ಆದರೆ ಎಡಿಎಚ್‌ಡಿ ಇರುವ ಎಷ್ಟೋ ಜನರಲ್ಲಿ ಭಾವನೆ ಬೇಗ ಉಕ್ಕುತ್ತದೆ, ಇಳಿಯಲು ಹೊತ್ತು ಬೇಕು. ಚಿಕ್ಕಂದಿನಿಂದ ತಿಂದ ಬೈಗುಳವೂ ಒಳಗೆ ಕೂತಿರುತ್ತದೆ. ಸಿಟ್ಟಿನಲ್ಲಿ ಬರೆದ ಮೆಸೇಜನ್ನು ಬೆಳಿಗ್ಗೆವರೆಗೆ ಕಳಿಸಬೇಡಿ. ಕೆಲವು ಹೆಂಗಸರಿಗೆ ಮುಟ್ಟಿನ ಹಿಂದಿನ ವಾರ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದು ಜಾಸ್ತಿಯಾಗುತ್ತದೆ, ಮಾತ್ರೆಯೂ ಕಡಿಮೆ ಹಿಡಿದ ಹಾಗಿರುತ್ತದೆ. ತಾರೀಕು ಬರೆದಿಟ್ಟು ಡಾಕ್ಟರಿಗೆ ತೋರಿಸಿ. ವಾರಗಟ್ಟಲೆ ಯಾವುದರಲ್ಲೂ ರುಚಿ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದ್ದರೆ ಎಡಿಎಚ್‌ಡಿ ಜೊತೆಗೆ ಖಿನ್ನತೆಯೂ ಇರಬಹುದು. ಅದು ಕಾಯುವಂಥದ್ದಲ್ಲ, ಇವತ್ತೇ ಮನೆಯವರೊಬ್ಬರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ.

ನನಗಿದೆ ಅಂದ್ರೆ ಮಗಳಿಗೂ ಬರುತ್ತಾ?

ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಜಾಸ್ತಿ, ಬಂದೇ ಬರುತ್ತದೆ ಎಂದಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಇದರಲ್ಲಿ ವಂಶವಾಹಿಯ ಪಾಲು ದೊಡ್ಡದು. ನೀವು ಸಾಕಿದ ರೀತಿಯಿಂದ ಬರುವುದಲ್ಲ. ಒಂದು ವೇಳೆ ಬಂದರೂ ಅವಳಿಗೆ ಏಳೆಂಟು ವರ್ಷಕ್ಕೇ ಗೊತ್ತಾಗುತ್ತದೆ, ಇದನ್ನು ಅರ್ಥ ಮಾಡಿಕೊಳ್ಳುವ, ನಿಮಗೆ ಸಿಗದಂಥ ಅಮ್ಮ ಅವಳಿಗೆ ಸಿಗುತ್ತಾಳೆ.

ಅಮೆರಿಕದಿಂದ ಊರಿಗೆ ವಾಪಸ್ ಬರ್ತಿದ್ದೀನಿ. ಅಲ್ಲಿ ಆಡರಾಲ್ ತಗೊಳ್ತಿದ್ದೆ. ಇಲ್ಲಿ ಹೇಗೆ?

ಅಮೆರಿಕದಲ್ಲಿ ಎಡಿಎಚ್‌ಡಿಗೆ ಕೊಡುವ ಆಡರಾಲ್ ಮಾತ್ರೆ ಇಲ್ಲಿ ಮಾರಾಟಕ್ಕಿಲ್ಲ. ಅದರಲ್ಲಿರುವ ಆಂಫೆಟಮಿನ್ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತದೆ. ಹಾಗಾಗಿ ಕೊರಿಯರ್ ಮಾಡಿಸುವುದು, ನೆಂಟರ ಕೈಲಿ ತರಿಸುವುದು ಖಂಡಿತ ಬೇಡ. ಹೊರಡುವ ಕೆಲವು ತಿಂಗಳು ಮೊದಲೇ ಅಲ್ಲಿಯ ಡಾಕ್ಟರ ಜೊತೆ ಮಾತಾಡಿ ಮೀಥೈಲ್‌ಫೆನಿಡೇಟ್‌ಗೋ ಅಟಾಮಾಕ್ಸೆಟಿನ್‌ಗೋ ಬದಲಾಯಿಸಿ ನೋಡಿ. ಪರೀಕ್ಷೆಯ ವರದಿಗಳನ್ನೆಲ್ಲ ಕಾಗದದಲ್ಲಿ ತನ್ನಿ.

ನಮ್ಮ ತಂದೆಗೆ 68. ನಿಮ್ಮ ಮಾತು ಕೇಳಿದ್ರೆ ಅವರದ್ದೇ ಕಥೆ ಅನ್ಸುತ್ತೆ. ಈಗ ತೋರಿಸಿ ಪ್ರಯೋಜನ ಇದ್ಯಾ?

ಇದೆ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮರೆವು ಮೊದಲಿನಿಂದ ಇದ್ದದ್ದೋ, ಈಚೆಗೆ ಶುರುವಾದದ್ದೋ? ಕೊಡೆ, ಕನ್ನಡಕ ಜೀವಮಾನವಿಡೀ ಕಳೆಯುತ್ತಾ ಬಂದವರಾದರೆ ಎಡಿಎಚ್‌ಡಿ ಇರಬಹುದು. ಗೊತ್ತಿದ್ದ ದಾರಿ ತಪ್ಪುವುದು, ಕೇಳಿದ್ದನ್ನೇ ಕೇಳುವುದು, ಲೆಕ್ಕ ತಪ್ಪುವುದು ಈಚೆಗೆ ಬಂದಿದ್ದರೆ ಅದು ಬೇರೆ ವಿಷಯ, ನರರೋಗ ತಜ್ಞರಿಗೆ ಬೇಗ ತೋರಿಸಿ. ಎಡಿಎಚ್‌ಡಿಯೇ ಎಂದಾದರೂ ಈ ವಯಸ್ಸಿನಲ್ಲಿ ಮಾತ್ರೆಗೆ ಮೊದಲು ಬಿಪಿ, ಇಸಿಜಿ ನೋಡಿ, ಈಗಾಗಲೇ ನುಂಗುತ್ತಿರುವ ಮಾತ್ರೆಗಳಿಗೆ ಹೊಂದುತ್ತದೆಯೇ ಎಂದು ಡಾಕ್ಟರು ತೀರ್ಮಾನಿಸುತ್ತಾರೆ. ಮಾತ್ರೆ ಬೇಡ ಎಂದರೂ ಅಡ್ಡಿಯಿಲ್ಲ. ಕಾಯಿಲೆಯ ಹೆಸರು ಗೊತ್ತಾದ ದಿನ ನಿಮ್ಮ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರೂ ಡಾಕ್ಟರ ಬಾಯಿಂದಲೇ ಕೇಳಲಿ.